ಆರನೇ ಹಾಸಿಗಿ

ಬದಲಿ ಅರ್ಜಿಯೊಳಗ "ಕಾರಣ" ಅಂತ ಒಂದು ಸಾಲು ಬಿಟ್ಟಾರ,
ನನ್ನ ಗೇಣಿಗಿಂತ ಗಿಡ್ಡ.
ಹನ್ನೊಂದು ವರ್ಷದ ಐಸಿಯು
ಅದರಾಗ ಹೆಂಗ ಹಿಡಿಸಲಿ?

ರಾತ್ರಿ ಪಾಳಿ ಮುಗಿಸಿ ನವನಗರದ ಮನಿಗೆ ಬಂದರ
ಕುಕ್ಕರ್ ಕೂಗಿದರೂ ಕಾಲು ಓಡತಾವು.
ಹಾಲಿನವನ ಹಾರ್ನು, ಅದು ಮೂರನೇ ಹಾಸಿಗಿ ಪಂಪು.
ಮಗಳ ಆಟಿಗಿ ಟೀಂ ಟೀಂ ಅಂದರ ಆಕ್ಸಿಜನ್ ಇಳದೈತಿ.
ಒಮ್ಮೆ ಅದನ್ನ ಕಸಗೊಂಡು, ಬ್ಯಾಟರಿ ಕಿತ್ತು,
ಜೋಳದ ಡಬ್ಬ್ಯಾಗ ಹುಗದಿಟ್ಟೆ.
ಆಕಿ ಅಳಲಿಲ್ಲ. ನನ್ನ ಮಾರಿ ನೋಡಿದ್ಲು ಅಷ್ಟ.

ಅಳಾಕ ನನಗೂ ಬರೂದಿಲ್ಲ ಈಗ.
ಮೊದಮೊದಲು ಬಾತ್‌ರೂಮಿನ ನಳ ಬಿಟ್ಟು ಅಳತಿದ್ದೆ,
ಮಾರಿ ತೊಳಕೊಂಡು ಮುಂದಿನ ಹಾಸಿಗಿಗೆ ಹೋಗತಿದ್ದೆ.
ಈಗ ನಳ ಬಿಟ್ಟರ ಬರೇ ನೀರು.

ಹೋದ ಮಂಗಳವಾರ, ನಸುಕಿನ ನಾಕೂವರಿಗೆ,
ಆರನೇ ಹಾಸಿಗಿ ಹೋತು.
ಹೋತು ಅಂದೆ ನೋಡ್ರಿ, ಹಾಸಿಗಿ ಅಲ್ಲೇ ಐತಿ.
ಹೊರಗ ಆತನ ಹೇಣತಿ ಗೋಡಿಗೆ ಆನಕೊಂಡು
ಚೀಲದಾಗ ಒಂದು ಜೋಡಿ ಚಪ್ಪಲಿ ಹಿಡದು ನಿಂತಿದ್ಲು,
ಮನಿಗೆ ಕಳಸೂ ದಿನ ಮೆಟ್ಟಾಕ ಬೇಕಾಗತಾವಂತ.
"ಕಡೀಕ ಏನರ ಅಂದರೇನ್ರಿ ನಮ್ಮವರು?"
ಬಾಯಾಗ ನಳಿಗಿ ಇದ್ದವರು ಏನಂದಾರು?
ಹೆಸರು ಹಿಡದು ನಾಕು ಮಾತು ಹೇಳೂಣಂದರ
ನನ್ನ ನಾಲಿಗಿಗೆ ಬಂದದ್ದು ಬರೇ ಆರು.
ಪೊಟ್ಯಾಶಿಯಂ ಎಷ್ಟಿತ್ತು ಗೊತ್ತಿತ್ತು,
ರಾತ್ರಿಯೆಲ್ಲಾ ಬಿದ್ದ ಮೂತ್ರದ ಅಳತಿ ಗೊತ್ತಿತ್ತು.
ಹೆಸರು? ಆರು.
ಕನ್ನಡದಾಗ ಆರು ಅಂದರ ಲೆಕ್ಕಾನೂ ಹೌದು,
ದೀಪಕ್ಕ ಅನ್ನೂ ಮಾತೂ ಹೌದು.
ಅವತ್ತು ಯಾವುದು ಆರಿತು, ತಿಳೀಲಿಲ್ಲ.

"ಐಸಿಯು ಕೈ ನಿಂದು," ಅಂದರು ತಾರಾಮತಿ ಸಿಸ್ಟರ್,
"ಕುಸದ ನರಾನೂ ಕಣ್ಣು ಮುಚ್ಚಿ ಹುಡುಕೂ ಬೆರಳು.
ಡಯಾಲಿಸಿಸ್‌ನಾಗ ಹೋಗಿ ಮಷೀನು ತೊಳಕೋತ ಕುಂದ್ರತಿ?"
ಅಂದು ಚಾ ತರಿಸಿದರು.
ಚಾ ಆರೂತನಕ ಇಬ್ಬರೂ ಸುಮ್ಮನಿದ್ದಿವಿ.
ಅವರ ಕಪ್ಪು ಬಸಿಯೊಳಗ ಸಣ್ಣಗ ನಡಗತಿತ್ತು.
ನಾ ಕಿಡಕಿ ನೋಡಿದೆ.

ಮೂರು ದಿನ ಕೆಳಗಿನ ಮಜಲಿಗೆ ಕಳಿಸಿದ್ದರು, ರಜಾದ ಮ್ಯಾಲಿದ್ದವಳ ಬದಲಿ.
ಅಲ್ಲಿ ಮಂದಿ ಮಾತಾಡತಾರ!
ಕಂಡಕ್ಟರ್ ಆಗಿದ್ದ ಹುಸೇನಸಾಬರು
ತೋಳಿಗೆ ಎರಡು ಸೂಜಿ ಹಾಕಿಸಿಕೊಂಡು ನಾಕು ತಾಸು
ಬೀಳಗಿ ಹಾದಿಯ ಸ್ಟಾಪು ಒಂದೊಂದ ಎಣಸತಾರ,
ಎಲ್ಲಿ ಯಾರು ಚಿಲ್ಲರ ಕೊಡದ ಇಳದಿದ್ದರು, ಅದೂ ಸಹಿತ.
"ನಿನ್ನ ಹೆಸರೇನವಾ?"
ನೆನಪು ಮಾಡಕೊಂಡವಳಂಗ ಹೇಳಿದೆ, "ಕಸ್ತೂರಿ."
"ಶುಕ್ರವಾರ ನೀನ ಇರತಿಯಲಾ?"

ಶುಕ್ರವಾರ.
ಮ್ಯಾಲಿನ ನನ್ನ ಯಾವ ಪೇಶಂಟೂ
ಶುಕ್ರವಾರದ ಮಾತು ಆಡಿರಲಿಲ್ಲ.
ಅಲ್ಲೂ ಒಮ್ಮೊಮ್ಮೆ ಕುರ್ಚಿ ಖಾಲಿ ಉಳೀತಾವು, ಗೊತ್ತೈತಿ.

ಹಳೇ ಬಾಗಲಕೋಟಿ ಮನಿ ಹಿನ್ನೀರಿಗೆ ಬಿಟ್ಟು ಬರೂ ಮುಂದ
ಅಪ್ಪ ತಲಬಾಗಿಲ ಚೌಕಟ್ಟು ಕಿತ್ತು ಟ್ರ್ಯಾಕ್ಟರಿಗೆ ಹೇರಿದ.
ಇಲ್ಲಿ ಹೊಸ ಗೋಡಿಗೆ ಅದು ನಾಕು ಬೆರಳು ಹೆಚ್ಚಾತು.
ಬಡಿಗ್ಯಾ ಕಟಗಿ ಕೊಯ್ಯೂಣಂದ.
ಅಪ್ಪ ಗೋಡಿ ಒಡಸಿದ.
"ಊರು ಬಿಟ್ಟು ಓಡಿ ಬಂದಿರೇನು?" ಅಂದವರಿಗೆ ಅವ್ವ
ರೊಟ್ಟಿ ಬಡಕೋತ ಅಂತಿದ್ಲು:
"ಓಡಿ ಅಲ್ಲ, ಎದ್ದು ಬಂದೀವಿ."

ಈಗ ನಸುಕಿನ ಮೂರು. ಪೆನ್ನು ಹಿಡದೀನಿ.
ದಣಿವು ಅಂತ ಬರದೆ, ಹೊಡದೆ.
ಆರೋಗ್ಯ ಅಂತ ಬರದೆ. ಸುಳ್ಳಲ್ಲ, ಆದರ ಅದಲ್ಲ.
ನಾಕನೇ ಹಾಸಿಗಿ ಪಂಪು ಕೂಗಿತು.
ಎದ್ದೆ. ಸಿರಿಂಜು ಬದಲಿಸಿದೆ.
ಚಾರ್ಟಿನ ತಲಿಬರಾ ಓದಿದೆ, ಮೊದಲ ಸಲ ಓದಿದಂಗ:
ಗುರಸಿದ್ದವ್ವ, ಐವತ್ತೆರಡು, ಕಲಾದಗಿ.
ಕಿವಿಗೆ ಬಾಗಿ ಅಂದೆ,
"ಗುರಸಿದ್ದವ್ವಾ, ನಾ ಕಸ್ತೂರಿ."
ನಳಿಗಿಯೊಳಗ ಉಸುರು ಹೋತು, ಬಂತು.

ಅರ್ಜಿ ಕಿಸೆದಾಗ ಐತಿ, ಟೇಪಿನ ಸುರುಳಿ ಜೋಡಿ.
ಆಫೀಸು ಹತ್ತಕ್ಕ ತೆರೀತೈತಿ.
ಇವತ್ತು ಗುರುವಾರ.