ಎಳೆಯ ತುದಿ

ಅಯ್ಯನವರೇ, ಭಾನುವಾರ ನೀವು ಹೇಳಿದಿರಿ:
ನಂಬಿಕೆಯೊಂದೇ ಸಾಕು,
ನಮ್ಮ ಪುಣ್ಯದ ಬಟ್ಟೆಯೆಲ್ಲ ಬರೀ ಮಾಸಲು.
ಹಿಂದಿನ ಬೆಂಚಿನಲ್ಲಿ ಕೂತು ನಾನು
ನನ್ನ ಬೆರಳು ನೋಡಿಕೊಂಡೆ.

ಬಿಸಿನೀರಲ್ಲಿ ಬೆಂದು ಬೆಳ್ಳಗೆ ಸುಕ್ಕಿದವು.
ಸೋಪಿಗೂ ಹೋಗದ ಹುಳದ ವಾಸನೆ.
ಶಿಡ್ಲಘಟ್ಟದ ಅರ್ಧ ಊರಿಗೆ ಇದೇ ಕೈ.

ಶಮೀಮಳ ಮುಂಗೈ ಸುಟ್ಟ ಆ ಒಂಬತ್ತು ದಿನ
ಅವಳ ಬೇಸಿನ್ನನ್ನೂ ನಾನೇ ನೋಡಿಕೊಂಡೆ.
ರಾತ್ರಿ ಬೈಬಲ್ಲು ತೆರೆಯಲಿಲ್ಲ,
ಮೊಣಕಾಲೂರಿದ್ದರೆ ಅಲ್ಲೇ ನಿದ್ದೆ.
ಸುಳ್ಳೇಕೆ, ಅವಳ ಕೂಲಿಯಲ್ಲಿ ಎರಡು ದಿನದ್ದು
ನಾನೇ ಇಟ್ಟುಕೊಂಡೆ, ಗ್ಯಾಸು ಮುಗಿದಿತ್ತು.
ಅವಳು ಕೇಳಲಿಲ್ಲ.
ಕೇಳಿದ್ದರೆ ಹಗುರಾಗುತ್ತಿದ್ದೆ.

ನನಗೆ ತಿಳಿದದ್ದು ಗೂಡಿನ ಸಂಗತಿಯಷ್ಟೇ.
ತುದಿ ಕಣ್ಣಿಗೆ ಕಾಣದು,
ಕುದಿವ ನೀರಲ್ಲಿ ತಡವಬೇಕು.
ಎಲ್ಲೋ ಒಂದು ಎಳೆ ಬೆರಳಿಗೆ ಹತ್ತುತ್ತದೆ,
ಆಮೇಲೆ ಅರ್ಧ ಮೈಲಿ ತಾನೇ ಬರುತ್ತದೆ.
ಆ ಎಳೆ ನಾನು ಮಾಡಿದ್ದಲ್ಲ,
ಒಂದು ಗೇಣೂ ಅಲ್ಲ.
ಆದರೆ ಎಳೆಯದೆ ಬಿಟ್ಟ ಗೂಡನ್ನೂ ಕಂಡಿದ್ದೇನೆ:
ಚಿಟ್ಟೆ ಕೊರೆದು ಹಾರಿಹೋಗಿ, ತೂತು ಬಿದ್ದು,
ಮಾರ್ಕೆಟ್ಟಿನಲ್ಲಿ ಯಾರೂ ಮುಟ್ಟುವುದಿಲ್ಲ.

ಇದನ್ನೇ ಕೇಳೋಣವೆಂದು ಬಾಗಿಲಲ್ಲಿ ನಿಂತೆ.
"ಕೃಪಾವತಮ್ಮ, ಮನೇಲಿ ಎಲ್ಲ ಕ್ಷೇಮವಾ" ಎಂದು ಕೈಕುಲುಕಿ
ಮುಂದಿನವರತ್ತ ತಿರುಗಿದಿರಿ.

ನಾಳೆ ಶಮೀಮ ಕೆಲಸಕ್ಕೆ ಬರುತ್ತಾಳೆ.
ಎರಡು ದಿನದ ಕೂಲಿ ಸೆರಗಿನ ತುದಿಗೆ ಕಟ್ಟಿಕೊಂಡಿದ್ದೇನೆ.
ಇದನ್ನು ನೀವು ಯಾವ ಲೆಕ್ಕಕ್ಕೆ ಬರೆಯುತ್ತೀರೋ,
ನನಗೆ ಗೊತ್ತಿಲ್ಲ.
ಗಂಟು ಬಿಗಿಯಾಯಿತು,
ಬಿಚ್ಚಲು ಹಲ್ಲೇ ಬೇಕಾದೀತು.