ನಲವತ್ತು ಅಡಿಗೊಂದು ಗೆರೆ

ಅಡುಗೆಮನೆ ಮೇಜಿನ ಮೇಲೆ ನಕ್ಷೆ ಹಾಸಿದೆವು.
ಮೂಲೆಗೊಂದು ಭಾರ:
ಉಪ್ಪಿನ ಡಬ್ಬಿ, ಲಾಳ, ಕಾಫಿ ಲೋಟ, ಅವಳ ಮೊಣಕೈ.
ನೆವಾಡಾದ ಈ ಕಣಿವೆಗೆಲ್ಲ
ಮೈಟೆ ಗೊಯೆನೆಚೆಯದೊಂದೇ ಮನೆ;
ಹಾಳೆಯಲ್ಲಿ ಎಳ್ಳಿನಷ್ಟು ಕಪ್ಪು ಚೌಕ.
“ಇಷ್ಟಕ್ಕೇನಾ ನಾನು ತೆರಿಗೆ ಕಟ್ಟೋದು?”

ನಾನು ಬಂದದ್ದು
ಹಳೆಯ ಹಾಳೆ ಹೇಳಿದ್ದು ಇನ್ನೂ ನಿಜವೇ
ಎಂದು ಕೇಳಿ ಗುರುತು ಹಾಕಿಕೊಳ್ಳಲು.
ನೀಲಿ ಅಂದರೆ ನೀರು.
ತುಂಡು ತುಂಡು ನೀಲಿ ಅಂದರೆ
ಏಪ್ರಿಲ್‌ನಲ್ಲಿ ನೀರು, ಜುಲೈನಲ್ಲಿ ಹಲ್ಲಿ.
ಕೆರೆ ಎಂದು ಬರೆದಲ್ಲಿ
ಅವಳ ಮಗ ಟ್ರಕ್ಕು ಓಡಿಸಲು ಕಲಿತನಂತೆ,
ಆರು ಮೈಲಿ ಬಿಳಿ ಮಣ್ಣು, ಗುದ್ದಲು ಏನೂ ಇಲ್ಲ.

ಕೂಗಳತೆ ಎಂಬ ಮಾತು ಇಲ್ಲಿ ನಡೆಯದು.
ಕೂಗಿದರೆ ಕೇಳುವುದು ಹಸು,
ಅದೂ ತಲೆಯೆತ್ತಿ ನೋಡಿ ಮತ್ತೆ ಮೇಯುತ್ತದೆ.
ಪಕ್ಕದ ಮನೆ
ಪಕ್ಕದ ಹಾಳೆಯಲ್ಲಿದೆ.

“ಗೆರೆಗಳು ಇಲ್ಲೇಕೆ ಇಷ್ಟು ಒತ್ತೊತ್ತಾಗಿವೆ?”
ಕಡಿದಾದ ಇಳುಕಲು, ಕುದುರೆ ಇಳಿಯದು ಅಂದೆ.
“ಇಳಿಯುತ್ತೆ. ತೊಂಬತ್ತೊಂದರಲ್ಲಿ ಇಳಿದಿದ್ದೀನಿ.”

ಒಂದು ಗೆರೆಯಿಂದ ಇನ್ನೊಂದಕ್ಕೆ ನಲವತ್ತು ಅಡಿ.
ಅದಕ್ಕಿಂತ ಗಿಡ್ಡದ್ದು ಈ ಜರಡಿಯಲ್ಲಿ ನಿಲ್ಲುವುದಿಲ್ಲ:
ಅವಳಜ್ಜ ಕುರಿ ಕಾಯುತ್ತ ಬೇಸರಕ್ಕೆ ಪೇರಿಸಿದ ಕಲ್ಲುಗುಪ್ಪೆ,
ಸೇಜ್ ಪೊದೆಯ ಬೂದು ಬೆಳಕು,
ಕುದುರೆ ಮೇಲಿನ ಮನುಷ್ಯ, ಅವನ ಟೋಪಿ ಸೇರಿಸಿಯೂ.
ಮನೆ ಹಿಂದೊಂದು ದಿಬ್ಬ, ಹದಿನೆಂಟು ಅಡಿ.
ಫೋನು ಸಿಗುವುದು ಅಲ್ಲಿ ಮಾತ್ರ.
ರೀನೋದ ಆಸ್ಪತ್ರೆಯಿಂದ ಕರೆ ಬಂದ ರಾತ್ರಿ
ಅವಳು ಅಲ್ಲಿ ಹಿಮದಲ್ಲಿ ನಿಂತಿದ್ದಳು, ಗಂಡನ ಬೂಟು ಹಾಕಿಕೊಂಡು.
ನಕ್ಷೆಯಲ್ಲಿ ಅದು ಬರೀ ಬಯಲು.

ಕೊನೆಗೆ ಕೇಳಿದೆ: ಬೇಲಿ ಮೂಲೆಯ ಈ ಒರತೆ?
“ಅಲ್ಲಿಲ್ಲ ಅದು. ನೆಲ ನಡುಗಿದ ವರ್ಷ ಜಾಗ ಬಿಟ್ಟಿತು.”
ಬಿಟ್ಟು?
ಕಳೆದ ಚಳಿಗಾಲ ನಗರದ ನೀರಿನ ಕಂಪನಿಯವರು
ಇದೇ ಹಾಳೆ ಹಿಡಿದು ಬಂದಿದ್ದರಂತೆ,
ಹೊಸ ಬೂಟಿನ ಇಬ್ಬರು.
ಶೋಶೋನಿ ಜನ ಆ ಒರತೆಗೆ ಇಟ್ಟ ಹೆಸರು ಅವಳಿಗೆ ಗೊತ್ತು.
ಹೇಳಲಿಲ್ಲ.
ಮೂಲೆಯ ಲೋಟವನ್ನೆತ್ತಿ
ಹಾಳೆಯ ನಡುವೆ ಒಂದು ಕಡೆ ಇಟ್ಟಳು.
“ಇನ್ನೊಂದು ಸ್ವಲ್ಪ ಹಾಕಲಾ?”
ಭಾರ ತಪ್ಪಿದ ಮೂಲೆ ತಾನೇ ಸುರುಳಿ ಸುತ್ತಿಕೊಂಡಿತು.

ಕಿಟಕಿಯಾಚೆ ಹಸುಗಳು ಸಾಲಾಗಿ
ನೀಲಿಯೇ ಇಲ್ಲದ ದಿಕ್ಕಿನಿಂದ ಬರುತ್ತಿದ್ದವು.
ಪುಸ್ತಕದಲ್ಲಿ ಬರೆದುಕೊಂಡೆ:
ಒರತೆ, ಬತ್ತಿದೆ, ತೆಗೆದುಹಾಕುವುದು.
ಮುಂದಿನ ಹಸುವಿನ ಮೂತಿಯಿಂದ
ಇನ್ನೂ ತೊಟ್ಟಿಕ್ಕುತ್ತಿತ್ತು.