ಕಿಟಕಿಯ ಕೆಳಗೆ

ಜಾವಗಲ್ಲಿನ ಸರ್ಕಾರಿ ಹೈಸ್ಕೂಲು, ಒಂಬತ್ತನೇ ಬಿ.
ಕಿಟಕಿಗೆ ಸರಳಿರಲಿಲ್ಲ; ಯಾರೋ ಕಿತ್ತು
ಕೊಟ್ಟಿಗೆಗೆ ಹಾಕಿಕೊಂಡಿದ್ದರು.
ಅದರ ಕಟ್ಟೆಯ ಮೇಲೆ ಒಂದು ಕಾಲಿಟ್ಟು
ಖಲಂದರ್ ಮೇಷ್ಟ್ರು ಶುರು ಮಾಡಿದರು:
"ಹೀಗೇ ಒಂದು ಕಿಟಕಿ, ಪ್ರಾಗ್ ಊರಿನ ಅರಮನೆಯಲ್ಲಿ.
ಮೇ ತಿಂಗಳು. ಸಾವಿರದ ಆರುನೂರ ಹದಿನೆಂಟು."

ನುಗ್ಗಿದವರದು ಒಂದು ಪಂಥ, ಕೂತವರದು ಇನ್ನೊಂದು.
ದೇವರು ಮಾತ್ರ ಒಬ್ಬನೇ;
ಪಾಪ, ಅವನನ್ನು ಕೇಳುವವರಿಲ್ಲ.
ಕಾಗದ ಓದಿದರು, ಕೂಗಾಡಿದರು,
ದೊಡ್ಡವರಿಬ್ಬರನ್ನು ಅನಾಮತ್ತಾಗಿ ಎತ್ತಿ
ಕಿಟಕಿಯಿಂದಾಚೆ...
ಮೇಷ್ಟ್ರು ಡಸ್ಟರ್ ಎಸೆದೇಬಿಟ್ಟರು.
ಅಂಗಳದಲ್ಲಿ ಬಿಳಿ ಧೂಳು. ನಾವೆಲ್ಲ ಎದ್ದು ಇಣುಕಿದೆವು.
ಒಬ್ಬ ಚೌಕಟ್ಟು ಹಿಡಿದು ನೇತಾಡಿದನಂತೆ;
ಬಾಕುವಿನ ಹಿಡಿಯಿಂದ ಬೆರಳ ಗೆಣ್ಣು ಜಜ್ಜಿದರಂತೆ,
ಹುಣಸೆ ಕುಟ್ಟಿದ ಹಾಗೆ.

ಮೂರನೆಯವನೊಬ್ಬನಿದ್ದ. ಗುಮಾಸ್ತ.
ಬರೆಯುವುದು ಅವನ ಕೆಲಸ, ಅಷ್ಟೇ.
ಲೆಕ್ಕ ತಪ್ಪಿತೋ, ಹುರುಪು ಮಿಕ್ಕಿತೋ,
ಅವನನ್ನೂ ಹಾಕಿದರು.

ಎಪ್ಪತ್ತು ಅಡಿ!
ನಮ್ಮ ನರಸಿಂಹನ ಗುಡಿಯ ಮೇಲೆ
ಇನ್ನೊಂದು ಗುಡಿ ಇಟ್ಟ ಹಾಗೆ.
ಮೂವರೂ ಬದುಕಿದರು.

ಹೇಗೆ ಸಾರ್?
ಮೇಷ್ಟ್ರು ಮೀಸೆಯಡಿ ನಕ್ಕರು.
"ಮೇರಿಯಮ್ಮ ಸೆರಗು ಹಾಸಿದಳು ಅಂತ ಒಂದು ಕಡೆಯವರು.
ಕೆಳಗೆ ತಿಪ್ಪೆ ಇತ್ತು ಅಂತ ಇನ್ನೊಂದು ಕಡೆಯವರು."

ಇಡೀ ಕ್ಲಾಸು ಬೆಂಚು ಕುಟ್ಟಿ ನಕ್ಕಿತು.
ಯುರೋಪಿನಲ್ಲೂ ತಿಪ್ಪೆ!
ಅಲ್ಲಿಯತನಕ ಆ ಖಂಡದಲ್ಲಿ
ನಮ್ಮ ಗುರುತಿನದು ಒಂದೂ ಇರಲಿಲ್ಲ.

ಕೊನೆ ಬೆಂಚಿನ ದ್ಯಾವೀರಿ ನಗಲಿಲ್ಲ.
ಬೆಳಗಿನ ಐದಕ್ಕೆ ಯಾರದೋ ಕೊಟ್ಟಿಗೆ ಬಳಿದು
ಮಂಕರಿ ಹೊತ್ತು, ತಲೆಗೆ ನೀರು ಹುಯ್ದುಕೊಂಡು
ಸ್ಕೂಲಿಗೆ ಬರುವವಳು. ಎಷ್ಟು ಉಜ್ಜಿದರೂ
ಉಗುರ ಸಂದಿಯಲ್ಲಿ ಹಸಿರು.
ಎದ್ದು ನಿಂತಳು:
"ಆ ತಿಪ್ಪೆ ಹಾಕಿದೋಳು ಯಾರು ಸಾ?"

ಮೇಷ್ಟ್ರು ಪುಟ ತಿರುವಿದರು. ಮುಂದೆ
ಮೂವತ್ತು ವರ್ಷದ ಯುದ್ಧ, ಊರಿಗೆ ಊರೇ ಉರಿದದ್ದು,
ಒಪ್ಪಂದ, ಇಸವಿ, ನಾಲ್ಕು ಅಂಕದ ಪ್ರಶ್ನೆ.
ಹಿಂದೆ ಬರೀ ರಾಜರು.
"ಬರೆದಿಲ್ಲ ಕಣಮ್ಮ" ಎಂದರು,
ತಪ್ಪು ತಮ್ಮದೇ ಎನ್ನುವ ಹಾಗೆ.
ಬೆಲ್ಲು ಹೊಡೆಯಿತು. ಡಸ್ಟರ್ ತರಲು ನಾನು ಓಡಿದೆ.

ಈಗ ನಾನು ಪಂಚಾಯ್ತಿಯಲ್ಲಿ ಗುಮಾಸ್ತ.
ಸಭೆಯಲ್ಲಿ ಕುರ್ಚಿ ಮೇಲೆದ್ದಾಗೆಲ್ಲ
ನಡಾವಳಿ ಪುಸ್ತಕ ಎದೆಗೊತ್ತಿಕೊಂಡು
ಮೊದಲು ಕಿಟಕಿ ನೋಡುತ್ತೇನೆ.
ಅಲ್ಲಿಯ ಗುಮಾಸ್ತನಿಗೆ ದೊರೆ ಆಮೇಲೆ
ಬಿರುದು ಕೊಟ್ಟನಂತೆ, 'ಎತ್ತರದಿಂದ ಬಿದ್ದವನು' ಎಂದು.
ನಕ್ಕನೋ, ಅತ್ತನೋ,
ಅದನ್ನು ಯಾವ ಮೇಷ್ಟ್ರೂ ಹೇಳಲಿಲ್ಲ.

ಮೊನ್ನೆ ಗೊಬ್ಬರದ ಗುಂಡಿಯ ಕೂಲಿಪಟ್ಟಿ.
ಹೆಬ್ಬೆಟ್ಟಿನ ಶಾಯಿಡಬ್ಬಿ ಸರಿಸಿ, ಪೆನ್ನು ಕಸಿದು
ಅವಳೇ ಬರೆದಳು, ದುಂಡಗೆ, ಗೆರೆ ದಾಟಿ:
ದ್ಯಾವೀರಿ.
"ಪುಸ್ತಕದಾಗೆ ಬಂತೇನೋ?" ಅಂದಳು.
ನಾನು ಇಸವಿ ತುಂಬಿದೆ, ತಾರೀಖು ತುಂಬಿದೆ.
ಕಿಟಕಿಯ ಕೆಳಗೆ, ಮಾಗಿಯ ಚಳಿಗೆ,
ಅವಳ ತಿಪ್ಪೆ ಹಬೆಯಾಡುತ್ತಿತ್ತು,
ಮೆತ್ತಗೆ.